ಟರ್ಕಿ ಕೋಳಿಗಳಿಗೆ ಶಿಸ್ತು ಕಲಿಸಿದ್ದು

ಕಥೆ ಹೇಳಿ ನನಗೆ ಅಭ್ಯಾಸವಿಲ್ಲ, ಕೆಟ್ಟದಾಗಿ ಹೇಳಿದರೆ ಕ್ಷಮಿಸಿ. ಮಂಗಳೂರಿನಾಚೆ ಒಂದು ಪದವಿನಲ್ಲಿ, ಪದವು ಅಂದರೆ ಎತ್ತರದ ಹುಲ್ಲುಬಯಲು, ರೆಬೆಲ್ಲೊ ಧಣಿಗಳ ಟರ್ಕಿ ಕೋಳಿಗಳು ಮೇಯುತ್ತಿದ್ದವು. ಅಜ್ಜನ ಕಾಲದ ತಳಿ, ಕ್ರಿಸ್‌ಮಸ್ ಊಟಕ್ಕೆಂದು ಸಾಕಿದ್ದು. ಕಾಯಲು ಒಬ್ಬ ಆಳಿದ್ದ.

ಧಣಿಗಳಿಗೆ ಭಾಷಣದ ಹುಚ್ಚು. ಟರ್ಕಿ ಹುಂಜಗಳಿಗೋ ಜೋರು ದನಿ ಕೇಳಿದರೆ ಸಾಕು, ಒಟ್ಟಾಗಿ ಗುಳುಗುಳು ಎಂದು ಉತ್ತರ ಕೊಡುತ್ತವೆ. ಅದು ಅವುಗಳ ಹುಟ್ಟುಗುಣ. ಧಣಿಗಳು ಅದನ್ನು ಗೇಲಿ ಎಂದುಕೊಂಡರು.

“ಭಾನುವಾರ ಬಿಷಪರು ಇವನ್ನು ನೋಡ್ಲಿಕ್ಕೆ ಬರ್ತಾರೆ. ನಾನು ಮಾತಾಡುವಾಗ ಒಂದು ಹಕ್ಕಿ ಬಾಯಿಬಿಟ್ಟರೂ ನೀನು ಗಂಟುಮೂಟೆ ಕಟ್ಟು!” ಎಂದು ಆಳಿನ ಮೇಲೆ ಗುಡುಗಿದರು.

ಗುಳುಗುಳು ಎಂದವು ಹುಂಜಗಳು.

“ಶಿಸ್ತು ಕಲಿಸ್ತೇನೆ ಧಣಿ,” ಎಂದ ಆಳು. “ಶನಿವಾರ ಪರೀಕ್ಷೆ ಮಾಡಿ. ಆದರೆ ಹೊಸತಾಗಿ ಕಲಿತವು, ಸ್ವಲ್ಪ ಮೆಲ್ಲಗೆ ಮಾತಾಡಬೇಕು.”

ಶನಿವಾರ ಧಣಿಗಳು ಇಡೀ ಭಾಷಣವನ್ನು ಪಿಸುದನಿಯಲ್ಲಿ ಒಪ್ಪಿಸಿದರು. ಒಂದು ಹಕ್ಕಿಯೂ ತುಟಿಪಿಟಕ್ಕೆನ್ನಲಿಲ್ಲ. ಹಕ್ಕಿಗೆ ತುಟಿಯಿಲ್ಲ, ಮಾತಿಗೆ ಹೇಳಿದೆ.

“ಶಾಭಾಸ್!” ಎಂದು ಧಣಿಗಳು ಗರ್ಜಿಸಿದರು.

ಗುಳುಗುಳು!

“ಕಳ್ಳಾ, ಇದೇನಾ ನೀನು ಕಲಿಸಿದ್ದು?”

ಗುಳುಗುಳು!

“ಅವು ಪಾಸಾದವು ಧಣಿ,” ಆಳು ಕೈಮುಗಿದ. “ಫೇಲಾದದ್ದು ಯಾರೆಂದು ಬಡವ ನಾನು ಹೇಗೆ ಹೇಳಲಿ?”

ಧಣಿಗಳು ಕೆಂಪಾದರು, ಬಾಯಿ ತೆರೆದರು, ಹುಂಜಗಳನ್ನು ನೋಡಿ ಮುಚ್ಚಿಕೊಂಡರು.

ಭಾನುವಾರ ಭಾಷಣ ಮುಗಿದಾಗ ಬಿಷಪರು ಧಣಿಗಳ ಕೈ ಹಿಡಿದರು. “ಎಂಥ ವಿನಯ! ಹತ್ತು ವರ್ಷದಲ್ಲಿ ಇವತ್ತೇ ನನ್ನ ಕಿವಿ ನೋಯಲಿಲ್ಲ.”

ಆಳಿನ ಕೆಲಸ ಉಳಿಯಿತು. ಧಣಿಗಳು ಈಗಲೂ ಅವನನ್ನು ಬೈಯುತ್ತಾರೆ, ಪಿಸುದನಿಯಲ್ಲಿ. ಇದರ ತಾತ್ಪರ್ಯ ಏನೆಂದರೆ, ದೊಡ್ಡವರಿಗೆ ಬುದ್ಧಿ ಹೇಳಬೇಕಾದಾಗ ಮೊದಲು... ಅಯ್ಯೋ, ಒಳಗಿಂದ ಹೆಂಡತಿ ಕೂಗಿದಳು. ಬಂದೆ ಮಾರಾಯ್ತಿ, ಬಂದೆ!