ಧಣಿಯ ಕಣಜದಲ್ಲಿ ಇಲ್ಲದ್ದು

"ನನ್ನ ಕಣಜದಲ್ಲಿ ಇಲ್ಲದ್ದು ಈ ಲೋಕದಲ್ಲೇ ಇಲ್ಲ." ಸಾಲ್ದೋರ್ ಧಣಿ ದಿನಕ್ಕೆ ನಾಲ್ಕು ಸಲವಾದರೂ ಹೀಗೆ ಹೇಳದೆ ಇರುತ್ತಿರಲಿಲ್ಲ. ಹೊಳೆಯ ಈಚೆ ದಡದ ಗದ್ದೆಗಳೆಲ್ಲ ಅವರವೇ. ಇಗರ್ಜಿಯಲ್ಲಿ ಎಲ್ಲರೂ ಬರಿ ನೆಲಕ್ಕೆ ಮೊಣಕಾಲೂರಿದರೆ ಅವರೊಬ್ಬರಿಗೆ ಮೆತ್ತೆ.

ಅವರ ಅಡುಗೆಯವನು ಇನಾಸ. ಅನ್ನದ ಮಡಕೆ ಇಳಿಸುವ ಮೊದಲು ಶಿಲುಬೆಯ ಗುರುತು ಮಾಡಿ, "ದೇವರೇ, ಈ ದಿನದ ಊಟ ಈ ದಿನ ಕೊಡು" ಎಂದು ಬೇಡುವುದು ಅವನ ರೂಢಿ. ಒಂದು ದಿನ ಅದು ಧಣಿಯ ಕಿವಿಗೆ ಬಿತ್ತು.

"ಏ ಇನಾಸ, ಮಡಕೆಯಲ್ಲಿರುವ ಅಕ್ಕಿ ಯಾರದ್ದು?"

"ನಿಮ್ಮದ್ದೇ ಧಣಿ."

"ಮತ್ತೆ ಮೇಲೆ ನೋಡಿ ಬೇಡುವುದು ಯಾಕೆ? ನಾಡಿದ್ದು ನನ್ನ ಹುಟ್ಟುಹಬ್ಬ. ನೆಂಟರೆಲ್ಲರ ಎದುರು ನನಗೆ ಕೈಮುಗಿದು ಕೇಳು. ಇಲ್ಲದಿದ್ದರೆ ಅಂದೇ ಬಿಡಾರ ಖಾಲಿ ಮಾಡು."

ಆ ರಾತ್ರಿ ಇನಾಸನ ಹೆಂಡತಿ ನತಾಲಿ ಚಾಪೆಯಲ್ಲಿ ಎದ್ದು ಕೂತಳು. "ಮೂರು ಮಕ್ಕಳನ್ನು ಕಟ್ಟಿಕೊಂಡು ಎಲ್ಲಿಗೆ ಹೋಗುವುದು? ಸುಮ್ಮನೆ ಕೇಳಿಬಿಡಿ ಮಾರಾಯ್ರೆ."

"ಕೇಳುತ್ತೇನೆ ಮಾರಾಯ್ತಿ. ದಿನಾ ಕೇಳುವುದನ್ನೆಲ್ಲ ಒಂದೂ ಬಿಡದೆ ಕೇಳುತ್ತೇನೆ" ಎಂದು ಇನಾಸ ಮಗ್ಗುಲಿಗೆ ಹೊರಳಿ ಗೊರಕೆ ಹೊಡೆದ.

ಹುಟ್ಟುಹಬ್ಬದ ದಿನ ಹಂದಿ ಮಾಂಸ, ಕೋಳಿ ಸಾರು, ಹಬೆಯಲ್ಲಿ ಬೇಯಿಸಿದ ಬಿಸಿ ಬಿಸಿ ಸನ್ನ. ನೆಂಟರು ಅಂಗಿಯ ತೋಳು ಮಡಚಿ ಉಣ್ಣುತ್ತಾ ಕೂತಿದ್ದರು. ಧಣಿ ಮಾತ್ರ ತಮ್ಮ ಬೆಳ್ಳಿ ತಟ್ಟೆಯನ್ನು ಮುಟ್ಟದೆ ಆಚೆ ಸರಿಸಿದರು. ಮೂರು ವರ್ಷದಿಂದ ಅವರಿಗೆ ಊಟವೇ ಸೇರುತ್ತಿರಲಿಲ್ಲ. ಪಂಡಿತರ ಕಷಾಯಕ್ಕೂ ಆ ಹೊಟ್ಟೆ ಜಗ್ಗಿರಲಿಲ್ಲ.

ಇನಾಸ ತನ್ನ ಗಂಜಿಯ ಬಟ್ಟಲು ಹಿಡಿದು ಎದುರು ಬಂದ. ಅದರ ಮೇಲೆ ಒಣ ಸಿಗಡಿಯ ಚಟ್ನಿ. ಬಟ್ಟಲನ್ನು ಮೇಜಿನ ಮೇಲಿಟ್ಟು ಕೈಮುಗಿದ.

"ಧಣಿ, ಈ ದಿನದ ಊಟ ಈ ದಿನ ಕೊಡಿ."

ಧಣಿ ಮೀಸೆ ಸವರಿದರು. "ಕೊಟ್ಟೆ. ಇನ್ನೇನು ಬೇಕು, ಕೇಳು."

"ಇನ್ನೊಂದು ಉಂಟು. ದಿನಾ ಮನಸ್ಸಿನಲ್ಲೇ ಕೇಳುವುದು. ಇದನ್ನು ಉಣ್ಣುವಷ್ಟು ಹಸಿವೆಯನ್ನೂ ಕೊಡಿ."

ಮೇಜಿನ ಸುತ್ತ ಎಲ್ಲರ ಬಾಯಿಯೂ ಅಗಿಯುವುದನ್ನು ನಿಲ್ಲಿಸಿತು. ಧಣಿಯ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು.

"ಅದು ನನ್ನ ಹತ್ರ ಇದ್ದಿದ್ದರೆ ನಿನಗೆ ಯಾಕೆ ಕೊಡುತ್ತಿದ್ದೆ? ನಾನೇ ಇಟ್ಟುಕೊಳ್ಳುತ್ತಿದ್ದೆ."

"ಹಾಗಾದರೆ ಎರಡೂ ಇರುವವನ ಹತ್ರವೇ ಕೇಳುತ್ತೇನೆ. ಆಗದಾ ಧಣಿ?"

ಧಣಿಯ ಮುಖ ಕೆಂಪೇರಿತು. ಬಾಗಿಲ ಸಂದಿಯಲ್ಲಿ ನತಾಲಿ ಜಪಮಾಲೆ ಬಿಗಿ ಹಿಡಿದಳು. ಆದರೆ ಧಣಿಯ ಬಾಯಿಂದ ಬಂದದ್ದು ಬೈಗುಳವಲ್ಲ, ನಗು.

"ಸೋತೆ ಮಾರಾಯ. ತಗೊ ಕಣಜದ ಬೀಗದಕೈ. ಇನ್ನು ನೀನೇ ನೋಡಿಕೊ."

"ಬೇಡ ಧಣಿ. ಅದು ನನ್ನ ಸೊಂಟಕ್ಕೆ ಬಂದರೆ ನಿಮ್ಮ ಹಸಿವೆ ಹೋದ ದಾರಿಯಲ್ಲೇ ನನ್ನದೂ ಹೋದೀತು. ಬಿಡಾರ ಒಂದು ಇರಲಿ, ಸಾಕು."

ಧಣಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಷ್ಟು ನಕ್ಕದ್ದಕ್ಕೋ, ಸಿಗಡಿಯ ವಾಸನೆಗೋ, ಗಂಜಿಯ ಬಟ್ಟಲು ಎಳೆದುಕೊಂಡು ಒಂದಗುಳೂ ಬಿಡದೆ ಉಂಡರು. ಆಮೇಲೆ ನಾಚಿಕೆಯಾಯಿತು.

"ಅಯ್ಯೋ, ಈಗ ನಿನ್ನ ಊಟ?"

"ನನ್ನದು ಬೆಳಿಗ್ಗೆಯೇ ಮೇಲೆ ಕೇಳಿ ಆಗಿದೆ ಧಣಿ" ಎಂದ ಇನಾಸ, ಮುಟ್ಟದೆ ಉಳಿದಿದ್ದ ಬೆಳ್ಳಿ ತಟ್ಟೆಯ ಕಡೆ ನೋಡುತ್ತಾ. "ಬಂದು ಕೂತಿದೆ. ನೀವು ಸ್ವಲ್ಪ ಈಚೆ ಸರಿಸಿದರೆ ಆಯಿತು."