ಅಪ್ಪಣೆಗುಂಡಿಯ ನಾಲ್ಕು ಕಂಬಗಳು

ಸಿಂಗನಪೇಟೆಯ ಬಸ್ ನಿಲ್ದಾಣದ ಹಿಂದೆ, ಒಡೆದ ಕೆರೆ ಏರಿಯ ಕೆಳಗೆ, ಬೇಸಿಗೆಯಲ್ಲೂ ಬತ್ತದ ಹೊಂಡವೊಂದಿದೆ. ಅದರ ನಡುವೆ ನಾಲ್ಕು ಕಲ್ಲುಕಂಬಗಳು ಕುತ್ತಿಗೆಯವರೆಗೆ ಮುಳುಗಿ ನಿಂತಿವೆ. ಪುರಸಭೆಯ ಫಲಕದಲ್ಲಿ ಅದು ‘ವಿಹಾರ ಸರೋವರ’. ಊರ ಬಾಯಲ್ಲಿ ಅಪ್ಪಣೆಗುಂಡಿ.

ಹಿಂದೆ ಒಮ್ಮೆ ಆ ಜಾಗದಲ್ಲಿ ನೀರಗಂಟಿಗಳ ಕೇರಿಯಿತ್ತು ಎನ್ನುತ್ತಾರೆ. ಕೆರೆ ಉಕ್ಕಿದರೆ ಮೊದಲು ಮುಳುಗುವವರೇ ಅದನ್ನು ಕಾಯಲಿ ಎಂದು ಊರು ಅವರನ್ನು ಏರಿಯ ಬುಡದಲ್ಲಿ ಇರಿಸಿತ್ತು. ಊರು ಮುಟ್ಟದ ಆ ಕೈಗಳಲ್ಲೇ ಊರಿನ ನೀರಿತ್ತು. ಮಳೆ ಮಿತಿಮೀರಿದಾಗ ಕೇರಿಯ ಒಬ್ಬರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಧುಮುಕಿ, ತಳದ ತೂಬಿನ ಕಲ್ಲನ್ನೆತ್ತಿ ನೀರನ್ನು ಕಾಲುವೆಗೆ ಬಿಡಬೇಕು. ಆ ಕಲ್ಲಿನ ನೆಲೆ ಕೇರಿಗಷ್ಟೇ ಗೊತ್ತು. ಪಾಳೆಯಗಾರ ಸೋಮರಸನಿಗೆ ಆ ತಂಪು ನೆಲದಲ್ಲಿ ಅರಮನೆ ಬೇಕೆನಿಸಿತು. ಕೇರಿಗೆ ದಿಣ್ಣೆಯ ಮೇಲೆ ಹೊಸ ಮನೆಗಳನ್ನು ಕೊಡಲಾಗಿದೆ, ಇನ್ನು ಅವರಾರೂ ಕೆರೆಯ ಬಳಿ ಕಾಲಿಡಕೂಡದು ಎಂದು ಡಂಗುರ ಹೊಡೆಸಿದ. ದಿಣ್ಣೆಯಲ್ಲಿ ಬಾವಿಯಿರಲಿಲ್ಲ. ದೂರದ ಹಳ್ಳದಿಂದ ನೀರು ಹೊರುತ್ತ ನೀರಗಂಟಿ ದುಗ್ಗವ್ವನ ತುಂಬು ಬಸುರಿ ಮಗಳು ದಾರಿಯಲ್ಲೇ ಸತ್ತಳು. ದುಗ್ಗವ್ವ ತನ್ನ ಹಗ್ಗವನ್ನು ಸುತ್ತಿ ಗೂಟಕ್ಕೆ ನೇತುಹಾಕಿದಳು.

ಕೇರಿಯಿದ್ದ ಜಾಗದಲ್ಲಿ ಅರಮನೆ ಎದ್ದ ಮೂರನೆಯ ವರ್ಷ ಐದು ದಿನ ಎಡೆಬಿಡದೆ ಮಳೆ ಸುರಿಯಿತು. ಏರಿ ಜಿನುಗಿತು. ಅರಮನೆಯ ಆಳುಗಳು ಮುಳುಗಿ ಹುಡುಕಿದರೂ ಕಲ್ಲು ಸಿಗಲಿಲ್ಲ. ಸೋಮರಸ ತಾನೇ ದಿಣ್ಣೆ ಹತ್ತಿ ಬಂದ. ಅದುವರೆಗೆ ‘ದುಗ್ಗಿ’ ಎನ್ನುತ್ತಿದ್ದವನು ಅಂದು, “ದುಗ್ಗವ್ವಾ, ತೂಬು ಎತ್ತು” ಎಂದ.

“ಕಾಲಿಡಬಾರದು ಅಂತ ನಿಮ್ಮದೇ ಅಪ್ಪಣೆ, ಬುದ್ಧಿ.”

“ಈಗ ನಾನೇ ಅಪ್ಪಣೆ ಕೊಡುತ್ತಿದ್ದೇನೆ.”

“ಹಂಗಾದ್ರೆ ಅದನ್ನ ಕೆರೆಗೇ ಕೊಡಿ. ನಾವು ನೀರಿಗೋಸ್ಕರ ನಡೀತೀವಿ. ನಿಮ್ಮ ಬಾಗಿಲಿಗೆ ನೀರೇ ನಡೆದು ಬರ್ತೈತೆ. ಪುಣ್ಯವಂತರು.”

ಸೋಮರಸ ಏರಿಯ ಮೇಲೆ ನಿಂತು, ನಿಲ್ಲು ಎಂದು ಕೆರೆಗೆ ನಿಜಕ್ಕೂ ಅಪ್ಪಣೆ ಕೂಗಿದನಂತೆ. ಏರಿ ಅವನ ಕಾಲ ಕೆಳಗೇ ಒಡೆಯಿತು. ನೀರು ಅರಮನೆಯನ್ನು ಕೊಚ್ಚಿ, ನೆಲವನ್ನು ಕೊರೆದು ಗುಂಡಿ ಮಾಡಿತು. ಅರಮನೆಯದೆಂದು ಉಳಿದದ್ದು ಆ ನಾಲ್ಕು ಕಂಬಗಳಷ್ಟೇ. ಆ ಸದ್ದು ಕೇಳಿದ ಮೇಲೆ ದುಗ್ಗವ್ವ, ಮಗಳು ಸತ್ತಂದಿನಿಂದ ಮೊದಲ ಬಾರಿಗೆ ಹೊಟ್ಟೆ ತುಂಬ ಉಂಡಳು ಎನ್ನುತ್ತಾರೆ. ಊರಿನ ಪುರಾಣಿಕರು ಇದನ್ನು ಶಾಪವೆಂದು ವಿವರಿಸುವುದುಂಟು. ಶಾಪವಲ್ಲ, ಆಜ್ಞಾಪಾಲನೆ.

ದಿಣ್ಣೆಯ ಮೇಲೆ ಈಗ ಕೊಳೆಗೇರಿ ಮಂಡಳಿಯ ನಾಲ್ಕಂತಸ್ತಿನ ಕಟ್ಟಡಗಳಿವೆ. ಅವುಗಳಲ್ಲಿ ಆ ಕೇರಿಯವರೇ ಇದ್ದಾರೆ. ವಾಣಿಜ್ಯ ಸಂಕೀರ್ಣಕ್ಕಾಗಿ ಮನೆ ತೆರವು ಮಾಡಬೇಕೆಂಬ ನೋಟಿಸು ಈ ತಿಂಗಳು ಪ್ರತಿ ಬಾಗಿಲಿಗೂ ಅಂಟಿದೆ. ಅಂಟಿಸಲು ಬಂದವರಿಗೆ ಅಲ್ಲಿನ ಮುದುಕಿಯರು ಕುಡಿಯಲು ನೀರು ಕೊಟ್ಟು, ಒಂದೇ ಪ್ರಶ್ನೆ ಕೇಳುತ್ತಾರೆ:

“ಬರ್ತಾ ಕಂಬ ನೋಡ್ಕೊಂಡು ಬಂದ್ರಾ, ಸ್ವಾಮಿ?”