ಡಂಗುರಕ್ಕೆ ನಿಂತ ಸಿಪಾಯಿ

"ಗುರುಗಳೇ, ಕಾಪಾಡಲೆಂದೇ ಮಾಡಿದ ಕಟ್ಟಳೆ ಇದ್ದೂ ಮನುಷ್ಯ ಬೀದಿಗೆ ಬೀಳುವುದು ಹೇಗೆ?" ಎಂದು ಶಿಷ್ಯ ಕೇಳಿದ.

ಗುರು ಎಲೆ ಅಡಿಕೆ ಮಡಿಚುತ್ತ ಹೇಳಿದರು: "ಒಂದು ಕತೆ ಇದೆ. ನಾನು ಕಣ್ಣಾರೆ ಕಂಡದ್ದು. ಕಾಣದಿದ್ದರೂ ಹೇಳಿ ಹೇಳಿ ಈಗ ಕಂಡಂತೆಯೇ ಆಗಿದೆ. ಒಬ್ಬ ರಾಜನಿದ್ದ."

"ಯಾವ ರಾಜ, ಗುರುಗಳೇ? ಯಾವ ಊರು?"

"ಹೋದ ಸಲ ಈ ಕತೆ ಹೇಳಿದಾಗ ಒಂದು ಹೆಸರು ಹೇಳಿದ್ದೆ, ಅದಕ್ಕೂ ಮುಂಚೆ ಇನ್ನೊಂದು. ನಿನಗೆ ಯಾವುದು ಇಷ್ಟವೋ ಅದನ್ನು ಇಟ್ಟುಕೊ."

ಶಿಷ್ಯ ನಕ್ಕ. ಗುರು ಮುಂದುವರಿಸಿದರು.

ಆ ರಾಜ ತನ್ನ ಸಿಪಾಯಿಗಳಿಗೆ ಮನೆ ಕಟ್ಟಲು ಖಜಾನೆಯಿಂದ ಸಾಲ ಕೊಡುತ್ತಿದ್ದ. ಸಿಪಾಯಿ ಗಡಿಯಲ್ಲಿರುತ್ತಿದ್ದ; ಕಂತನ್ನು ಅವನ ಸಂಬಳದಲ್ಲೇ ಮುರಿದುಕೊಳ್ಳುತ್ತಿದ್ದರು. ಕಂತು ನಿಂತರೆ ಮನೆ ಹರಾಜು. ಆದರೆ ನಾಡಿಗಾಗಿ ಕಾದಿದವನಿಗೆ ಅನ್ಯಾಯವಾಗಬಾರದೆಂದು ರಾಜ ಒಂದು ಕಟ್ಟಳೆ ಮಾಡಿದ್ದ. ಹರಾಜಿಗೆ ಮುಂಚೆ ಮನೆಯ ಬಾಗಿಲಲ್ಲಿ ಮೂರು ಸಲ ಡಂಗುರ ಹೊಡೆಯಬೇಕು. ಒಳಗಿದ್ದವನು ಬಂದು 'ಸಾಲ ತೀರಿದೆ' ಎಂದು ಒಂದು ಮಾತು ಹೇಳಿದರೂ ಹರಾಜು ನಿಲ್ಲಿಸಿ ಲೆಕ್ಕವನ್ನು ಮತ್ತೆ ನೋಡಬೇಕು.

ಒಳ್ಳೆಯ ಕಟ್ಟಳೆ. ಮಾಡಿದವರು ಒಬ್ಬ ಸಿಪಾಯಿಯನ್ನಾದರೂ ಹತ್ತಿರದಿಂದ ನೋಡಿದ್ದರೆ ಇನ್ನೂ ಒಳ್ಳೆಯದಾಗುತ್ತಿತ್ತು.

ಒಬ್ಬ ಸಿಪಾಯಿ ಸಾಲವನ್ನೆಲ್ಲ ತೀರಿಸಿ, ಮುಪ್ಪಿನಲ್ಲಿ ಊರಿಗೆ ಬಂದ. ತಾನು ಕಟ್ಟಿಸಿದ ಮನೆಯಲ್ಲಿ ಮೊದಲ ಸಲ ಮಲಗಿದ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅವನನ್ನು ಹೆಸರು ಹಿಡಿದು ಕರೆಯುತ್ತಿದ್ದವರು ಇಬ್ಬರೇ, ತಾಯಿ ಮತ್ತು ದಳವಾಯಿ. ಇಬ್ಬರೂ ತೀರಿಕೊಂಡಿದ್ದರು. ಬೀದಿಯವರಿಗೆ ಅವನು ಸಿಪಾಯಿ, ಅಷ್ಟೇ.

ಅವನಿಗೊಂದು ಅಭ್ಯಾಸವಿತ್ತು. ದಂಡಿನಲ್ಲಿ ನಗಾರಿ ಬಡಿದರೆ ಎಲ್ಲಿದ್ದವನು ಅಲ್ಲೇ ನೆಟ್ಟಗೆ ನಿಲ್ಲಬೇಕು. ದಳವಾಯಿ ಹೆಸರು ಹಿಡಿದು ಕರೆಯುವವರೆಗೆ ಕದಲಬಾರದು, ಬಾಯಿ ಬಿಡಬಾರದು. ಕದಲಿದವರನ್ನು ಅವನು ಮಣ್ಣು ಮಾಡಿ ಬಂದಿದ್ದ. ಹಾಗಾಗಿ ಬೀದಿಯಲ್ಲಿ ಮದುವೆಯ ವಾದ್ಯ ಬಂದರೂ, ಹಿಡಿದ ಕೊಡವನ್ನು ಹಿಡಿದಂತೆಯೇ ನಿಂತುಬಿಡುತ್ತಿದ್ದ. ದಿಬ್ಬಣ ಹೋಗಿ, ಸದ್ದು ಅಡಗಿ, ಇನ್ನು ಯಾರೂ ಕರೆಯುವುದಿಲ್ಲವೆಂದು ಖಾತ್ರಿಯಾದ ಮೇಲೆ ಮೆಲ್ಲಗೆ ನಡೆಯುತ್ತಿದ್ದ. ಬೀದಿಯವರಿಗೆ ಅದೊಂದು ತಮಾಷೆ. ಮಾತಿಗೆ ಸಿಕ್ಕದವನು ನಗುವಿಗಾದರೂ ಸಿಕ್ಕನಲ್ಲ ಎಂದುಕೊಂಡಿದ್ದರು.

ಇತ್ತ ಖಜಾನೆಯಲ್ಲಿ ಅವನ ಕಂತುಗಳನ್ನು ಯಾರೋ ಇನ್ನೊಬ್ಬನ ಸಾಲಕ್ಕೆ ಜಮಾ ಮಾಡಿದ್ದರು. ಒಂದು ಬೆಳಿಗ್ಗೆ ಅಧಿಕಾರಿ ಡಂಗುರದವನನ್ನು ಕರೆದುಕೊಂಡು ಬಂದ. ಒಳಗೆ ಸಿಪಾಯಿ ಅಂಬಲಿ ಕಾಯಿಸುತ್ತಿದ್ದ. ಡಂಗುರ ಬಿತ್ತು. ಸಿಪಾಯಿ ಸೌಟು ಹಿಡಿದು ನೆಟ್ಟಗೆ ನಿಂತ.

"ಒಳಗಿದ್ದವರು ಬಂದು ಮಾತಾಡಿ," ಎಂದ ಅಧಿಕಾರಿ. ಯಾರೂ ಬರಲಿಲ್ಲ.

"ಮನೆ ಖಾಲಿ, ಸ್ವಾಮಿ," ಎಂದ ಡಂಗುರದವನು.

"ಹೊಗೆ ಬರುತ್ತಿದೆಯಲ್ಲೋ."

"ಹೊಗೆ ಬಂತು, ಮನುಷ್ಯ ಬರಲಿಲ್ಲ. ಕಟ್ಟಳೆಯಲ್ಲಿ ಹೊಗೆಯ ಸುದ್ದಿ ಇಲ್ಲ ಸ್ವಾಮಿ."

ಎದುರುಮನೆಯವಳು ಗಂಡನಿಗೆ ಪಿಸುಗುಟ್ಟಿದಳು: "ಒಳಗೇ ನಿಂತಿರುತ್ತಾನೆ ಕಣ್ರೀ. ಹೋಗಿ ಒಂದು ಕೂಗು ಹಾಕಬಾರದೇ?"

"ಏನಂತ ಕೂಗಲಿ?" ಎಂದ ಗಂಡ. ಅವಳಿಗೂ ಗೊತ್ತಿರಲಿಲ್ಲ.

ಮೂರನೆಯ ಡಂಗುರವೂ ಆಯಿತು. ಅಂಬಲಿ ಸೀದ ವಾಸನೆ ಬೀದಿಗೆಲ್ಲ ಹಬ್ಬಿತು. ಹರಾಜು ಅಂಗಳದಲ್ಲೇ ನಡೆದು ಮನೆ ಒಬ್ಬ ಎಣ್ಣೆ ವ್ಯಾಪಾರಿಯ ಪಾಲಾಯಿತು. ಬಾಗಿಲು ಮುರಿದು ನೋಡಿದರೆ, ಒಲೆಯ ಮುಂದೆ ಸಿಪಾಯಿ.

"ಒಂದು ಮಾತು ಆಡಿದ್ದರೆ ಮನೆ ಉಳಿಯುತ್ತಿತ್ತಲ್ಲಯ್ಯ," ಎಂದ ಅಧಿಕಾರಿ.

ಸಿಪಾಯಿ ಬಹಳ ಹೊತ್ತು ಕಾದು, "ಅಪ್ಪಣೆ ಆಗಿರಲಿಲ್ಲ," ಎಂದ. ಆಮೇಲೆ ಸೀದ ಪಾತ್ರೆಯನ್ನು ತೊಳೆದಿಟ್ಟು, ಮುರಿದ ಬಾಗಿಲಿನ ಬೀಗದ ಕೈಯನ್ನು ವ್ಯಾಪಾರಿಗೆ ಒಪ್ಪಿಸಿ, ಊರು ಬಿಟ್ಟು ಹೋದ.

ಎಷ್ಟೋ ಕಾಲದ ಮೇಲೆ ಖಜಾನೆಯ ತಪ್ಪು ಬಯಲಾಯಿತು. ರಾಜ ಅತ್ತ. ನಾಟಕಕ್ಕಲ್ಲ, ನಿಜಕ್ಕೂ ಅತ್ತ. ವ್ಯಾಪಾರಿಯಿಂದ ಮನೆ ಬಿಡಿಸಿದ. ಸಿಪಾಯಿಯನ್ನು ಹುಡುಕಿ ಕರೆತರಲು ಊರೂರಿಗೆ ಆಳುಗಳನ್ನು ಕಳಿಸಿದ. ಅವರು ಸಂತೆಗಳಲ್ಲಿ, ಛತ್ರಗಳ ಮುಂದೆ ಡಂಗುರ ಹೊಡೆದು ಸಾರಿದರು: "ಮನೆ ಕಳೆದುಕೊಂಡ ಸಿಪಾಯಿ ಎಲ್ಲಿದ್ದರೂ ಮುಂದೆ ಬರಬೇಕು." ಯಾವ ಊರಿನಲ್ಲೂ ಯಾರೂ ಬರಲಿಲ್ಲ. ಆಳುಗಳು ಮುಂದಿನ ಊರಿಗೆ ಹೋದರು.

ಗುರು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯನಿಗೆ ಮೊದಲು ನಗು ಬಂತು, ಆಮೇಲೆ ಹೋಯಿತು. "ಡಂಗುರ ಹೊಡೆದರೆ ಅವನು ಎಲ್ಲೋ ಆ ಗುಂಪಿನಲ್ಲೇ ನಿಂತಿರುತ್ತಾನಲ್ಲ, ಗುರುಗಳೇ. ಹೆಸರು ಹಿಡಿದು ಕರೆದು ನೋಡೋಣ ಎಂದು ಅಷ್ಟು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲವೇ?"

"ರಾಜ ಯಾರೆಂದು ಕೇಳಿದೆ, ಊರು ಯಾವುದೆಂದು ಕೇಳಿದೆ," ಎಂದರು ಗುರು, "ಅವನ ಹೆಸರು ನೀನೂ ಕೇಳಲಿಲ್ಲ."